ಶಿವನ ಪದದ ಬಿಕ್ಕಳಿಕೆ

ನಮ್ಮ ಮನೆಯಲ್ಲಿ ಸಿನಿಮಾ ಹಾಡು ಹಾಡುವಂತಿರಲಿಲ್ಲ. ನೋಡಬಹುದಿತ್ತು, ಕೇಳಬಹುದಿತ್ತು, ರೇಡಿಯೋದಲ್ಲಿ ಬಂದರೆ ಬಂದ್ ಮಾಡು ಎಂದು ಯಾರೂ ಅನ್ನುತ್ತಿರಲಿಲ್ಲ. ಆದರೆ ಮನೆಯ ಸೊಸೆ ಬಾಯಿ ಬಿಟ್ಟು ಹಾಡಿದಳೋ, ಮುಗಿಯಿತು. ಮದುವೆಯಾಗಿ ಬೈಲಹೊಂಗಲದ ಈ ಮನೆಗೆ ಬಂದ ಹೊಸದರಲ್ಲಿ ರೊಟ್ಟಿ ಬಡಿಯುತ್ತ ನನಗರಿವಿಲ್ಲದೆ ಒಂದು ಸಾಲು ಗುನುಗಿದ್ದಕ್ಕೆ ಅತ್ತೆಯವರು ಪಡಸಾಲೆಯಿಂದಲೇ ಕೂಗಿದ್ದರು: "ಏ ಹುಡುಗಿ, ಇದು ಮನಿ ಐತಿ, ಥೇಟರ್ ಅಲ್ಲ! ಹಾಡೂದಿದ್ರ ದೇವರ ಪದಾ ಹಾಡು."

ಸಿಟ್ಟಿನಲ್ಲಿ ನಾನೂ ಕಡಿಮೆಯವಳಲ್ಲ. ಸಿನಿಮಾ ಹಾಡೂ ಬೇಡ, ದೇವರ ಪದವೂ ಬೇಡ, ಏನೂ ಬೇಡ ಎಂದು ಆವತ್ತು ರೊಟ್ಟಿಯನ್ನು ಧಪಧಪ ಬಡಿದು ತೆಳ್ಳಗೆ ಹಾಳೆ ಮಾಡಿದ್ದೆ. ಮಾವನವರು ಉಂಡು, ಇವತ್ತಿನ ರೊಟ್ಟಿ ಛಲೋ ಆಗಿವೆ ಎಂದರು. ನನ್ನ ಗಂಡ ಪೇಪರ್ ಓದುತ್ತ ಉಂಡರು, ಏನೂ ಅನ್ನಲಿಲ್ಲ. ಈಗ ನನ್ನ ತಲೆಗೂದಲು ಅರ್ಧ ಬೆಳ್ಳಗಾಗಿದೆ. ಆದರೂ ಹಾಡು ಗಂಟಲಿಗೆ ಬಂತೆಂದರೆ ಮೊದಲು ಪಡಸಾಲೆಯ ಕಡೆ ನೋಡುತ್ತೇನೆ, ಆಮೇಲೆ ನುಂಗುತ್ತೇನೆ.

ಅತ್ತೆಯವರು ನಮ್ಮ ಓಣಿಯ ಹೆಂಗಸರ ಭಜನಾ ಮೇಳದ ಯಜಮಾನ್ತಿ. ಎಪ್ಪತ್ತು ದಾಟಿದರೂ ಹಾರ್ಮೋನಿಯಂ ಮುಂದೆ ಕುಂತರೆ ಬೆನ್ನು ಬಾಗುವುದಿಲ್ಲ. ಆ ಪೆಟ್ಟಿಗೆ ಮಾವನವರದು. ಮಾವನವರು ಮಾರ್ಕೆಟ್ಟಿನಲ್ಲಿ ಅಡತಿ ಅಂಗಡಿ ನಡೆಸುತ್ತಿದ್ದರು, ಹಗಲೆಲ್ಲ ಹತ್ತಿ, ಕಡಲೆಯ ದಲಾಲಿ ಗದ್ದಲ. ಸಂಜೆಯಾದರೆ ಕೈಕಾಲು ತೊಳೆದುಕೊಂಡು ಪೆಟ್ಟಿಗೆಯ ಮುಂದೆ ಕೂಡುತ್ತಿದ್ದರು. ಅವರು ತೀರಿಕೊಂಡ ಮೇಲೆ ಅಂಗಡಿ ನನ್ನ ಗಂಡನ ಪಾಲಿಗೆ ಬಂತು, ಪೆಟ್ಟಿಗೆ ಅತ್ತೆಯವರ ಪಾಲಿಗೆ. ಅದರ ಜೊತೆಗೆ ಒಂದು ಧಾಟಿಯೂ ಬಂತು.

ಧಾಟಿ ಎಂದರೆ ಪದವನ್ನು ಹಾಡುವ ಮಟ್ಟು. ನಮ್ಮ ಕಡೆ ಭಜನೆಯವರಿಗೆ ಪದಕ್ಕಿಂತ ಧಾಟಿಯದೇ ದೊಡ್ಡ ಚಿಂತೆ. ಮಾವನವರು ಒಂದು ಶಿವನ ಪದಕ್ಕೆ ಸ್ವಂತ ಧಾಟಿ ಕೂಡಿಸಿದ್ದರು ಎಂಬುದು ನಮ್ಮ ಮನೆತನದ ಹೆಮ್ಮೆ. ನನ್ನ ಗಂಡ ಯಾರೇ ಬಂದರೂ ಚಹಾ ಕೊಡುವ ಮೊದಲು ಅದನ್ನು ಹೇಳುತ್ತಾರೆ. "ನಮ್ಮಪ್ಪಾರ ಸ್ವಂತ ಧಾಟಿರಿ. ಸುತ್ತ ಹತ್ತ ಊರಾಗ ಕೇಳ್ರಿ, ಇಂಥಾದ್ದು ಸಿಗೂದಿಲ್ಲ." ಅದು ಖರೆಯೇ. ಏಕೆಂದರೆ ಆ ಧಾಟಿಯ ನಡುವೆ ಒಂದು ವಿಚಿತ್ರ ಜಾಗವಿತ್ತು. ಪದದ ಸಾಲು ಏರುತ್ತ ಏರುತ್ತ ಹೋಗಿ, ಇನ್ನೇನು ಶಿವನ ಹೆಸರು ಬರಬೇಕು ಎನ್ನುವಾಗ ತಟ್ಟನೆ ನಿಂತು "ಹಕ್!" ಎನ್ನಬೇಕು. ಅದರ ಮೇಲೆ ದಮ್ಮಡಿಯ ಚರ್ಮಕ್ಕೆ ಒಂದು ಪೆಟ್ಟು. ಆಮೇಲೆ ಶಿವನ ಹೆಸರು. ಹೀಗೆ ಪ್ರತಿ ನುಡಿಯಲ್ಲೂ.

ಈ "ಹಕ್" ಏನು ಎಂಬುದರ ಬಗ್ಗೆ ನಮ್ಮ ಗುಡಿಯಲ್ಲಿ ಒಂದು ದಿನ ಪ್ರವಚನವೇ ಆಗಿದೆ. ಹೊರಗಿನಿಂದ ಬಂದಿದ್ದ ಶಾಸ್ತ್ರಿಯೊಬ್ಬರು ನಮ್ಮ ಮೇಳದ ಹಾಡು ಕೇಳಿ ಕಣ್ಣುಮುಚ್ಚಿ ಕುಳಿತರು. ಆಮೇಲೆ, ತಾಯಂದಿರೇ, ಇದು ಬರಿ ಧ್ವನಿಯಲ್ಲ, ಜೀವ ಶಿವನನ್ನು ಕೂಡುವ ಹೊತ್ತಿಗೆ ಉಸಿರು ನಿಲ್ಲುತ್ತದಲ್ಲ, ಅದು ಇದು ಎಂದು ಬಹಳ ಹೊತ್ತು ಬಿಡಿಸಿ ಹೇಳಿದರು. ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವತ್ತಿನಿಂದ ದಮ್ಮಡಿ ಬಾರಿಸುವ ನಮ್ಮ ಪಕ್ಕದ ಮನೆಯ ಹೆಂಗಸು, ಓಣಿಗೆಲ್ಲ ಕಾಕು, ಆ ಜಾಗ ಬಂದಾಗ ಕಣ್ಣು ಮೇಲೆ ಮಾಡಿಕೊಂಡೇ ಪೆಟ್ಟು ಹಾಕುತ್ತಾಳೆ. ಎಷ್ಟೋ ಸಲ ಅದು ದಮ್ಮಡಿ ಬಿಟ್ಟು ನನ್ನ ಮೊಣಕಾಲಿಗೆ ಬೀಳುತ್ತದೆ. ನಾನು ಅವಳ ಪಕ್ಕದಲ್ಲಿ ತಾಳ ಹಾಕುವವಳು. ಹಾಡು ಎಂದರೆ ಹಾಡುವುದಿಲ್ಲ, ಹಳೇ ಸಿಟ್ಟು.

ಈ ಸಲದ ಶ್ರಾವಣದಲ್ಲಿ ಕಟಕೋಳದ ಕಡೆಯ ಒಂದು ಮಠದಿಂದ ನಮ್ಮ ಮೇಳಕ್ಕೆ ಕರೆ ಬಂತು. ಹೆಂಗಸರ ಭಜನಾ ಸ್ಪರ್ಧೆ. ನನ್ನ ಗಂಡ ಮೊಬೈಲ್ ಹಿಡಿದು ನಿಯಮಗಳನ್ನು ಓದಿ ಹೇಳಿದರು. ಹಾಡು ದೇವರದೇ ಇರಬೇಕು, ಸೀರೆ ಒಂದೇ ಬಣ್ಣದ್ದಿದ್ದರೆ ಛಲೋ, ಸಿನಿಮಾ ಧಾಟಿಗೆ ಅವಕಾಶವಿಲ್ಲ, ಹಾಡಿದರೆ ಗಂಟೆ ಬಾರಿಸಿ ಇಳಿಸುತ್ತಾರೆ.

"ಛಲೋ ಮಾಡ್ಯಾರ," ಎಂದು ಅತ್ತೆಯವರು ಎದ್ದು ಒಳಗೆ ಹೋದರು.

"ನೋಡ್ರಿ," ಎಂದೆ ನಾನು ಗಂಡನಿಗೆ, "ಸಿನಿಮಾ ಅಂದಕೂಡ್ಲೆ ಹೆಂಗ ಮಾರಿ ಗಂಟ ಹಾಕ್ಕೊಂಡು ಹೋದ್ರು."

ಆ ವಾರವೇ ಅನಾಹುತವಾಯಿತು. ರವಿವಾರ ಮಧ್ಯಾಹ್ನ, ಅಂಗಡಿ ರಜೆ. ಅತ್ತೆಯವರು ಕಾಕುವಿನ ಮನೆಗೆ ಹೋಗಿದ್ದರು. ನನ್ನ ಗಂಡ ಗಿರ್ಮಿಟ್ ತಾಟು ತೊಡೆಯ ಮೇಲಿಟ್ಟುಕೊಂಡು ಟಿವಿಯಲ್ಲಿ ಹಳೆಯ ಹಿಂದಿ ಸಿನಿಮಾ ಹಚ್ಚಿಕೊಂಡಿದ್ದರು. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಹೊರಗಿನಿಂದ ಮಾವನವರ ಧಾಟಿ ಕೇಳಿಸಿತು. ಅತ್ತೆಯವರು ಬಂದು ಪೆಟ್ಟಿಗೆ ತೆಗೆದರು ಎಂದುಕೊಂಡೆ. ಸಾಲು ಏರಿತು, ಏರಿತು, ನಿಂತಿತು. "ಹಕ್!"

ಪೆಟ್ಟಿಗೆಯ ದನಿ ಅದಾಗಿರಲಿಲ್ಲ. ಹಿಟ್ಟಿನ ಕೈಯಲ್ಲೇ ಹೊರಗೆ ಬಂದೆ.

ಟಿವಿಯಲ್ಲಿ ಒಂದು ಕ್ಲಬ್ಬು. ತಲೆಗೆ ನವಿಲುಗರಿ ಕಟ್ಟಿಕೊಂಡ, ಮೈಗೆ ಹೇಳಿಕೊಳ್ಳುವಂಥದ್ದೇನೂ ಕಟ್ಟಿಕೊಳ್ಳದ ಒಬ್ಬ ಹೆಣ್ಣುಮಗಳು ಕೈಯಲ್ಲಿ ಗ್ಲಾಸು ಹಿಡಿದು ಮೇಜಿನಿಂದ ಮೇಜಿಗೆ ಓಲಾಡುತ್ತ ನಮ್ಮ ಶಿವನ ಪದದ ಧಾಟಿಯನ್ನು ಹಾಡುತ್ತಿದ್ದಳು. ಮೂಲೆಯಲ್ಲಿ ಬಿಳಿ ಕೋಟಿನ ಕಳ್ಳಸಾಗಣೆಯ ಧಣಿ ಸಿಗರೇಟು ಸೇದುತ್ತಿದ್ದ. ಇನ್ನೊಂದು ಮೂಲೆಯಲ್ಲಿ ಸುಳ್ಳು ಮೀಸೆ ಹಚ್ಚಿಕೊಂಡ ಪೊಲೀಸ್ ಸಾಹೇಬ ಕುಳಿತಿದ್ದ. ಅವಳು ಒಮ್ಮೆ "ಹಕ್" ಎಂದು ಬಿಕ್ಕಳಿಸಿದರೆ ಹಿಂದಿನ ಬಾಗಿಲಿನಿಂದ ಒಂದು ಬಂಗಾರದ ಪೆಟ್ಟಿಗೆ ಹೊರಗೆ ಹೋಗುತ್ತಿತ್ತು. ಜೀವ ಶಿವನನ್ನು ಕೂಡುವ ಜಾಗವೆಂದರೆ ಅದೇ.

"ರೀ," ಎಂದೆ, "ಇದು ಮಾವಾರ ಧಾಟಿ ಅಲ್ಲೇನ್ರಿ?"

ನನ್ನ ಗಂಡನ ಕೈಯಲ್ಲಿದ್ದ ಗಿರ್ಮಿಟ್ ಬಾಯಿಗೂ ಹೋಗಿರಲಿಲ್ಲ, ತಾಟಿಗೂ ಬಂದಿರಲಿಲ್ಲ. "ಹಂಗ ಅನಸ್ತೈತಿ," ಎಂದರು.

"ಅನಸೂದೇನ್ ಬಂತು? ಬಿಕ್ಕಳಿಕಿ ಸೈತ ಅದ ಐತಲ್ರಿ!"

ಅವರು ಟಿವಿ ಬಂದ್ ಮಾಡಿ, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು. "ಕೇಳಿಲ್ಲಿ. ನಮ್ಮಪ್ಪ ಒಮ್ಮೆ ಮುಂಬೈಕ್ಕ ಹೋಗಿದ್ದ. ರೈಲಿನ್ಯಾಗ ಗುನುಗಿರಬೇಕು. ಯಾವನರ ಸಿನಿಮಾದಾವ ಬಾಜೂಕ ಕುಂತಿದ್ದ ಅಂದ್ರ? ಕದ್ದಾರ! ನಮ್ಮಪ್ಪನ ಧಾಟಿ ಕದ್ದಾರ!"

"ನಿಮ್ಮಪ್ಪ ಮುಂಬೈಕ್ಕ ಹೋಗಿದ್ದು ಹರ್ನಿಯಾ ಆಪರೇಷನ್ನಿಗೆರಿ. ನಮ್ಮ ಲಗ್ನ ಆದಮ್ಯಾಲೆ. ಈ ಸಿನಿಮಾ ನೋಡಿದ್ರ ನೀವಿನ್ನೂ ಹುಟ್ಟೂಕಿಂತ ಮೊದಲಿಂದು."

ಅವರು ತಾಟಿನಲ್ಲಿದ್ದ ಗಿರ್ಮಿಟ್ ಕೆದಕತೊಡಗಿದರು. ನನಗೆ ಮಾತ್ರ, ಸುಳ್ಳೇಕೆ, ಒಳಗೊಳಗೆ ಹಬ್ಬ. ಇಷ್ಟು ವರ್ಷ ನನ್ನ ಬಾಯಿ ಮುಚ್ಚಿಸಿದ ಮನೆಯಲ್ಲಿ ಸೋಮವಾರಕ್ಕೊಮ್ಮೆ ಊದಿನಕಡ್ಡಿ ಹಚ್ಚಿ ಕ್ಲಬ್ಬಿನ ಹಾಡು ಹಾಡುತ್ತಿದ್ದರಲ್ಲ! ಅತ್ತೆಯವರು ಬರಲಿ, ಹೇಳುತ್ತೇನೆ, ಮಾರಿ ನೋಡುತ್ತೇನೆ ಎಂದು ಸೆರಗು ಸೊಂಟಕ್ಕೆ ಸಿಗಿಸಿಕೊಂಡು ನಿಂತೆ. ಅವರು ಬಂದರು. ಬಂದವರೇ ಪೆಟ್ಟಿಗೆ ತೆಗೆದು, ಅದರ ಮೇಲಿನ ಧೂಳನ್ನು ತಮ್ಮ ಸೆರಗಿನಿಂದ ಒರೆಸಿ, ಒಬ್ಬರೇ ಮೆಲ್ಲಗೆ ಆ ಪದ ಹಾಡತೊಡಗಿದರು. ಮುಖದಲ್ಲಿ ಎಂಥ ಸುಖ! ನನ್ನ ಹಬ್ಬ ಅಲ್ಲಿಗೆ ಮುಗಿಯಿತು. ಮಾವನವರು ಹೋದ ಮೇಲೆ ಆ ಜೀವಕ್ಕೆ ಗಂಡನೆಂದು ಉಳಿದದ್ದು ಅದೊಂದೇ. ಅದನ್ನು ಕಟಕೋಳದಲ್ಲಿ ನಾಲ್ಕು ಮಂದಿಯ ಮುಂದೆ ಗಂಟೆ ಬಾರಿಸಿ, ಇದು ಕಳ್ಳರ ಕ್ಲಬ್ಬಿನದು ಎಂದು ಹೇಳಿದರೆ ಇವರ ಗತಿ ಏನು?

ಅಲ್ಲಿಂದ ನಮ್ಮ ಗಂಡ-ಹೆಂಡತಿಯ ಕಸರತ್ತು ಶುರುವಾಯಿತು. ಬೇರೆ ಪದ ಹಾಡೋಣವೇ ಎಂದು ನಾನು ಕೇಳಿದೆ. "ಇವರ ಧಾಟಿ ಬಿಟ್ಟು ಬ್ಯಾರೆ ಹಾಡಂದ್ರ ನನ್ನ ಗಂಟಲಾನ ಏಳೂದಿಲ್ಲ," ಎಂದರು ಅತ್ತೆಯವರು. ಮಳೆ ಬರುವ ಹಾಗಿದೆ, ಹೋಗುವುದೇ ಬೇಡ ಎಂದರು ನನ್ನ ಗಂಡ. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಕೊನೆಗೆ, ಬಿಕ್ಕಳಿಕೆಯೊಂದನ್ನು ಬಿಟ್ಟರೆ ಗುರುತು ಸಿಗಲಿಕ್ಕಿಲ್ಲ ಎಂದು ನಾನೇ ಲೆಕ್ಕ ಹಾಕಿ, ತಾಲೀಮಿನ ನಡುವೆ ಬಾಯಿ ಹಾಕಿದೆ: "ಆ ಹಕ್ ಅನ್ನೂದು ಬಿಟ್ರ ಹೆಂಗ್ರಿ? ಕೇಳಾವ್ರಿಗೆ ಯಾರಿಗೋ ನೆತ್ತಿಗೇರೈತಿ ಅನಸ್ತೈತಿ."

ಕಾಕು ದಮ್ಮಡಿ ಕೆಳಗಿಟ್ಟಳು. "ಅಯ್ಯ ಶಿವನ! ಅದನ್ನ ಬಿಟ್ರ ಪದದಾಗ ಉಳಿಯೂದೇನ? ಶಾಸ್ತ್ರಿಗೋಳು ಅಷ್ಟು ಬಿಡಿಸಿ ಹೇಳ್ಯಾರ. ನಿನಗ ಹಾಡಾಕ ಮನಸಿಲ್ಲ ಅಂತ ಉಳದಾವ್ರ ಉಸುರು ಯಾಕ ಹಿಡೀತಿ?"

ಅತ್ತೆಯವರು ನನ್ನನ್ನೇ ನೋಡಿದರು. ಆ ನೋಟಕ್ಕೆ ನಾನು ತಾಳದ ದಾರ ಬಿಚ್ಚಿ ಮತ್ತೆ ಕಟ್ಟುತ್ತ ಕುಳಿತೆ.

ಸ್ಪರ್ಧೆಯ ದಿನ ಮುಂಜಾನೆ ಎಲ್ಲರೂ ಹಸಿರು ಸೀರೆ ಉಟ್ಟು ಟೆಂಪೊ ಏರಿದೆವು. ಸವದತ್ತಿಯಲ್ಲಿ ಇಳಿದು ಚಹಾ ಕುಡಿದೆವು. ನನ್ನ ಗಂಡ ಡ್ರೈವರನನ್ನು ಮೂಲೆಗೆ ಕರೆದು, ಗಾಡಿಗೆ ಏನಾದರೂ ಕೆಡುವಂಥದ್ದಿದೆಯೇ ಎಂದು ಕೇಳಿದರಂತೆ. ಡ್ರೈವರ ಪುಣ್ಯಾತ್ಮ, ಮೊನ್ನೆಯೇ ಸರ್ವಿಸ್ ಮಾಡಿಸೇನ್ರಿ, ಚಿಂತಿ ಮಾಡಬ್ಯಾಡ್ರಿ ಎಂದನಂತೆ.

ಮಠದ ಅಂಗಳದಲ್ಲಿ ಪೆಂಡಾಲು ಹಾಕಿದ್ದರು. ವೇದಿಕೆಯ ಎದುರು ಮೇಜಿನ ಹಿಂದೆ ಪರೀಕ್ಷಕರು ಕುಳಿತಿದ್ದರು. ನಿವೃತ್ತ ಸಂಗೀತ ಮಾಸ್ತರರು, ದಪ್ಪ ಚಸ್ಮ, ಇಸ್ತ್ರಿ ಮುರಿಯದ ಬಿಳಿ ಅಂಗಿ, ಮುಂದೆ ಒಂದು ಹಿತ್ತಾಳೆಯ ಗಂಟೆ. ನಮಗಿಂತ ಮೊದಲು ಹಾಡಿದ ಮೇಳದವರು ಈಚಿನ ಯಾವುದೋ ಕನ್ನಡ ಸಿನಿಮಾದ ಧಾಟಿ ಎತ್ತಿದ್ದೇ ತಡ, ಮಾಸ್ತರರು ಗಂಟೆ ಬಾರಿಸಿದರು. "ಸಿನಿಮಾ! ಇಳೀರಿ," ಎಂದರು. ಆ ಮೇಳದ ಯಜಮಾನ್ತಿ ಅಲ್ಲೇ ಮೆಟ್ಟಿಲ ಮೇಲೆ ಅತ್ತುಬಿಟ್ಟಳು.

ಅತ್ತೆಯವರು ಪೆಟ್ಟಿಗೆಯ ಮುಂದೆ ಕುಳಿತರು. ಶುರುವಾಯಿತು. ಅಂಥ ಹಾಡು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ, ಅಷ್ಟು ಚೆಂದ. ಮೊದಲ "ಹಕ್" ಬಂದಾಗ ಮಾಸ್ತರರ ಪೆನ್ನು ನಿಂತಿತು. ಎರಡನೆಯದಕ್ಕೆ ಅವರು ಚಸ್ಮ ತೆಗೆದರು. ಹಿಂದಿನ ಸಾಲಿನಲ್ಲಿ ರುಮಾಲು ಸುತ್ತಿದ ಒಬ್ಬ ಅಜ್ಜ, ಎಲ್ಲಿದ್ದೇನೆ ಎಂಬುದನ್ನೇ ಮರೆತು, ಬೆರಳು ಬಾಯಿಗಿಟ್ಟು ಸೀಟಿ ಹೊಡೆದ. ಪಕ್ಕದವರು ಅವನ ಕೈ ಹಿಡಿದು ಕೆಳಗೆ ಎಳೆದರು. ಮುಂದಿನದಕ್ಕೆ ಕಾಕುವಿನ ಪೆಟ್ಟು ನನ್ನ ಮೊಣಕಾಲಿಗೇ ಬಿತ್ತು, ನನಗೆ ನೋವೂ ಗೊತ್ತಾಗಲಿಲ್ಲ. ಮಾಸ್ತರರ ಕೈ ಗಂಟೆಯ ಮೇಲೆ ಬಂದಿತ್ತು. ಬಂದು ಅಲ್ಲೇ ಕುಳಿತಿತ್ತು.

ಪದ ಮುಗಿಯಿತು. ಮಾಸ್ತರರು ಮೈಕ್ ಹಿಡಿದರು. "ತಾಯಿ, ಈ ಧಾಟಿ ಯಾರು ಕೂಡಿಸಿದ್ದರಿ?"

ಪೆಂಡಾಲಿನ ನಡುವಿನಿಂದ ನನ್ನ ಗಂಡ ಕುರ್ಚಿ ಸರಿಸಿ ಎದ್ದೇಬಿಟ್ಟರು. "ನಮ್ಮಪ್ಪಾರು, ಸರ್! ಸ್ವಂತದ್ದು! ಮುಂಬೈದಾವ್ರು ಬೇಕಾದ್ರ ಕದ್ದಿರಬಹುದು!"

"ಕುಂಡ್ರೋ," ಎಂದರು ಅತ್ತೆಯವರು. ಮೈಕಿನಲ್ಲಿಯೇ ಎಂದದ್ದರಿಂದ ಇಡೀ ಪೆಂಡಾಲಿಗೆ ಕೇಳಿಸಿತು. ನನ್ನ ಗಂಡ ಕುಳಿತರು, ಹಿಂದೆ ಸುಮ್ಮನೆ ನಿಂತಿದ್ದ ಇನ್ನಿಬ್ಬರೂ ಕುಳಿತರು.

"ಸಿನಿಮಾದ್ದರಿ," ಎಂದರು ಅತ್ತೆಯವರು. "ನಿಮಗೂ ಗೊತ್ತಾಗೈತಿ, ಮತ್ತ್ಯಾಕ ಕೇಳ್ತೀರಿ?"

ನನ್ನ ಕೈಯಿಂದ ತಾಳ ಬಿದ್ದು ಠಣ್ ಎಂದಿತು.

"ನನ್ನ ಲಗ್ನಾದ ಹೊಸದಾಗ ರಿ. ನಮ್ಮತ್ತಿ ಭಾಳ ಕಡಕ್. ಕಿತ್ತೂರಾಗ ಯಾರಿಗೋ ಮೈಯಾಗ ಆರಾಮಿಲ್ಲ, ನೋಡ್ಕೊಂಡ ಬರತೇವಿ ಅಂತ ಹೇಳಿ ನಮ್ಮನಿಯವರು ನನ್ನ ಟಾಕೀಸಿಗೆ ಕರಕೊಂಡ ಹೋದ್ರು. ನಮ್ಮೂರಾಗಿನ ಟಾಕೀಸಿಗೇರಿ. ಮಾರಿ ಮುಚ್ಚಿಕೊಂಡ ಕುಂತು ನೋಡಿದ್ನಿ. ಆ ಹಾಡು ನನ್ನ ತಲ್ಯಾಗ ಕುಂತಬಿಡ್ತು. ಒಲಿ ಮುಂದ ಕುಂತು ಗುನುಗಿದ್ರ ನಮ್ಮತ್ತಿ ಊದುಗೊಳವಿ ತಗೊಂಡ ಬರತಿದ್ರು. ನಾ ಅತ್ನಿ. ಇವರು ನೋಡಿದ್ರು. ಮರುದಿನಾ ಪೆಟಗಿ ಮುಂದ ಕುಂತು ಆ ಧಾಟಿಗೆ ಈ ಶಿವನ ಪದಾ ಕೂಡಿಸಿ, ಅವ್ವಾ, ನಾನ ಹೊಸಾ ಧಾಟಿ ಕಟ್ಟೇನಿ, ಇಕಿಗೂ ಕಲಸ್ತೇನಿ ಅಂದ್ರು. ಆಮ್ಯಾಲೆ ನಾ ಗಟ್ಟ್ಯಾಗಿ ಹಾಡತಿದ್ನಿ, ನಮ್ಮತ್ತಿ ಕೈ ಮುಗದು ಕೇಳತಿದ್ರು."

ಪೆಂಡಾಲು ನಕ್ಕಿತು. ಕಾಕು ಮಾತ್ರ ನಗಲಿಲ್ಲ. "ಹಂಗಾರ ಆ ಉಸುರು?" ಎಂದು ಪಿಸುಗುಟ್ಟಿದಳು, ಪಾಪ.

"ಆ ಬಿಕ್ಕಳಿಕಿ ಬಿಡ್ರಿ, ಸಿಕ್ಕೊಂಡ್ರ ಮರ್ಯಾದಿ ಹೋಗ್ತೈತಿ ಅಂತ ನಾನ ಹೇಳಿದ್ನಿ," ಎಂದರು ಅತ್ತೆಯವರು. "ಅದನ್ನ ಬಿಟ್ರ ನೀ ನಗೂದಿಲ್ಲಲ್ಲ ಅಂದ್ರು."

ಮಾಸ್ತರರು ಚಸ್ಮ ಒರೆಸಿದರು, ಹಾಕಿಕೊಂಡರು, ಗಂಟೆ ಬಾರಿಸಿದರು. "ನಿಯಮ ಅಂದ್ರ ನಿಯಮರಿ, ತಾಯಿ. ನಿಮ್ಮ ಮ್ಯಾಳಾ ಸ್ಪರ್ಧಾದಾಗ ಇಲ್ಲ." ಆಮೇಲೆ ಮೈಕ್ ಬಂದ್ ಮಾಡುವುದನ್ನು ಮರೆತು ಪಕ್ಕದವರಿಗೆ ಹೇಳಿದರು: "ಆ ಸಿನಿಮಾದಾಗ ಕಡೀಕ ಆಕಿ ಗುಂಡ ತಗಲಿ ಸಾಯ್ತಾಳ ನೋಡ್ರಿ, ಭಾಳ ಕೆಟ್ಟ ಅನಸ್ತೈತಿ."

"ಸಾಯೂದಿಲ್ರಿ," ಎಂದರು ಅತ್ತೆಯವರು ಮೆಟ್ಟಿಲು ಇಳಿಯುತ್ತ. "ತೋಳಿಗೆ ತಗಲ್ತೈತಿ. ಕಡೀಕ ಪೊಲೀಸನ್ನ ಮಾಡ್ಕೋತಾಳ."

ತಿರುಗಿ ಬರುವಾಗ ಟೆಂಪೊದಲ್ಲಿ ಜಾತ್ರೆಯ ಗದ್ದಲ. ಆ ಸಿನಿಮಾದ ಕಥೆಯನ್ನು ಮೊದಲಿನಿಂದ ಹೇಳಿರಿ ಎಂದು ಹೆಂಗಸರು ಅತ್ತೆಯವರ ಬೆನ್ನು ಬಿದ್ದಿದ್ದರು. ಅವರು ಬಂಗಾರದ ಪೆಟ್ಟಿಗೆ ಎಲ್ಲೆಲ್ಲಿ ಅಡಗಿಸಿದರು ಎಂಬುದನ್ನು ಸಹ ಬಿಡದೆ ಹೇಳುತ್ತಿದ್ದರು. ಎಲ್ಲರೂ ಖುಷಿ. ನನಗೆ ಮಾತ್ರ ಸಿಟ್ಟು ಏರುತ್ತಿತ್ತು. ಇವರಿಗೆಲ್ಲಿ ಎದೆ ಒಡೆದೀತೋ ಎಂದು ನಾನು ಅಷ್ಟು ದಿನ ನಿದ್ದೆ ಕೆಟ್ಟಿದ್ದೆ, ಇವರು ನೋಡಿದರೆ! ತಡೆಯಲಾಗಲಿಲ್ಲ.

"ಒಂದ ಮಾತ ಕೇಳ್ತೇನ್ರಿ ಅತ್ತ್ಯಾರ," ಎಂದೆ. "ನೀವು ಕ್ಲಬ್ಬಿನ ಹಾಡು ಹಾಡಬಹುದು. ನಾ ಒಂದ ಸಾಲು ಗುನುಗಿದ್ರ ಇದು ಥೇಟರ್ ಅಲ್ಲ ಅಂತ ಹೊಯ್ಕೋತಿದ್ರಿ. ಬಾಯಿ ಹೊಲಕೊಂಡ ಕುಂತೇನಿ ನಾ, ಇಷ್ಟು ವರ್ಷ. ನಿಮಗ ಆಗಿದ್ದ ಸಂಕಟ ನನಗ ಯಾಕ ಕೊಟ್ರಿ?"

ಅತ್ತೆಯವರು ಮುಂದಿನ ಸೀಟಿನಲ್ಲಿ ಡ್ರೈವರನ ಪಕ್ಕದಲ್ಲಿ ಕುಳಿತಿದ್ದ ಮಗನ ಬೆನ್ನನ್ನು ನೋಡಿದರು.

"ನಮ್ಮತ್ತಿ ಬೈದಾಗ ಇವರಪ್ಪ ಒಂದ ದಾರಿ ಹುಡುಕಿದ್ರು," ಎಂದರು. "ನಾ ನಿನಗ ಬೈದ್ರ ಇವನೂ ಏನರ ಹುಡುಕ್ತಾನ ಅಂತ ಮಾಡಿದ್ನಿ. ಮೊದಲನೇ ಸಲಾ ಬೈದ್ನಿ, ಇವ ಪೇಪರ್ ಹೊಳ್ಳಿಸಿದ. ಮತ್ತ ಬೈದ್ನಿ, ಟಿವಿ ಆವಾಜ ಏರಿಸಿದ. ಇವತ್ತರ ಎದ್ದಾನು, ನಾಳಿಗರ ಎದ್ದಾನು ಅಂತ ಬೈಕೋತ ಬಂದ್ನಿ ನೋಡವ್ವಾ. ಬೈದೂ ಬೈದೂ ನನ್ನ ಬಾಯಿನ ಹಂಗ ಆಗಿಹೋತು. ತಪ್ಪ ನಂದ ಐತಿ."

ಹೆಂಗಸರು ನಕ್ಕರು. ನನ್ನ ಗಂಡನ ಕುತ್ತಿಗೆ ಹಿಂದಿನಿಂದ ಕಿವಿಯತನಕ ಕೆಂಪಾದದ್ದು ಎಲ್ಲರಿಗೂ ಕಂಡಿತು. ನನಗೆ ನಗು ಬರಲಿಲ್ಲ, ಅಳು ಬಂತು. ಅತ್ತೆಯವರು ನನ್ನ ತೊಡೆಯ ಮೇಲೆ ಕೈಯಿಟ್ಟರು. "ಅವನ ದಾರಿ ಕಾಯೂದು ಬಿಡು. ಸಿನಿಮಾದ್ದ ಸಿನಿಮಾದಂಗ ಹಾಡು. ಈಗ ಹಾಡು."

ಹಾಡು ಎಂದರೆ ಏನು ಹಾಡಲಿ? ಇಷ್ಟು ವರ್ಷ ನುಂಗಿದ್ದರಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಬಾಯಿ ತೆರೆದು ಸುಮ್ಮನೆ ಕುಳಿತೆ. ಟೆಂಪೊದಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಿದ್ದರು, ಇನ್ನಷ್ಟು ಸಿಟ್ಟು ಬಂತು.

ಆಗ ಮುಂದಿನ ಸೀಟಿನಿಂದ, ಹಿಂದೆ ಹೊರಳಿ ನೋಡದೆಯೇ, ನನ್ನ ಗಂಡ ತಮ್ಮ ಒಡಕು ದನಿಯಲ್ಲಿ ಶುರು ಮಾಡಿದರು. ಮಾರ್ಕೆಟ್ಟಿನಲ್ಲಿ ಹತ್ತಿಯ ದರ ಕೂಗಿ ಕೂಗಿ ಹಾಳಾದ ದನಿ. ಯಾವ ಹಾಡು ಎಂದು ನನಗೆ ಮೊದಲು ತಿಳಿಯಲೇ ಇಲ್ಲ. ಎರಡನೆಯ ಸಾಲಿಗೆ ತಿಳಿಯಿತು: ಮದುವೆಯಾದ ಹೊಸದರಲ್ಲಿ ರೊಟ್ಟಿ ಬಡಿಯುತ್ತ ನಾನು ಹಾಡಿ ಬೈಸಿಕೊಂಡ ಹಾಡು. ಪೇಪರ್ ಹಿಡಿದುಕೊಂಡಿದ್ದ ಮನುಷ್ಯ ಮಾತುಗಳನ್ನೆಲ್ಲ ಸರಿಯಾಗಿ ನೆನಪಿಟ್ಟುಕೊಂಡಿದ್ದರು. ಧಾಟಿ ಮಾತ್ರ ಪೂರ್ತಿ ತಪ್ಪು. ಅದನ್ನು ಹಾಗೇ ಬಿಡಲು ನನ್ನಿಂದಾಗಲಿಲ್ಲ, ಮೂರನೆಯ ಸಾಲಿನಿಂದ ನಾನೇ ಹಾಡಿದೆ.